ಹಿಂದಿನ ಸೀಟಿನ ಬಸವಣ್ಣ

...ಅಯ್ಯ, ನಗಬ್ಯಾಡ್ರಿ ಬಾವಾ! ನಿಮ್ಮ ತಂಗಿ ಆಣಿ ಮಾಡಿ ಹೇಳ್ತೀನಿ, ಹಳೇ ಗಾಡಿ ವಿಷಯದಾಗ ಈ ಕೊಟ್ಟೂರಪ್ಪಗ ಮೋಸ ಮಾಡಾವ ಬಳ್ಳಾರಿಯಾಗ ಇನ್ನೂ ಹುಟ್ಟಿಲ್ಲ. ನೀವು ಸಿರುಗುಪ್ಪದಾಗ ಅಕ್ಕಿ ಮಿಲ್ಲು ನಡಸೋರು, ನಾಕು ಕಾಳು ಅಂಗೈಯಾಗ ಹಿಡದು ಹಳೇದಾ ಹೊಸದಾ ಅಂತೀರಿ. ಗಾಡಿಯಾಗ ನಾನು ಹಂಗ. ಬಿಸಲಾಗ ಯಾಕ ನಿಂತೀರಿ, ನೆರಳಿಗೆ ಬರ್ರಿ. ಹಾಂ... ನೋಡ್ರಿ. ಅಂಬಾಸಿಡರ್! ಅರವತ್ತೆಂಟರ ಮಾಡಲ್ಲು. ಹೊಸದು ಬೇಕಂದ್ರ ಹೆಸರು ಬರಸಿ ವರ್ಷಗಟ್ಟಲೆ ಕಾಯಬೇಕು. ಇದನ್ನ ಇವತ್ತ ಹತ್ತಿ ಹೋಗ್ರಿ.

ಮತ್ತ ಯಾಕ ಮಾರ್ತೀಯಪ್ಪಾ ಅಂತೀರಾ? ಅದು... ನಿಮ್ಮ ತಂಗಿಗೆ ಪೆಟ್ರೋಲ್ ವಾಸನಿ ಆಗಂಗಿಲ್ಲ. ಅಷ್ಟ! ತವರಿಗೆ ಬಂದು ಒಂದು ತಿಂಗಳಾತು, ನಿಮ್ಮ ಮನಿಯಾಗ ಅದಾಳ, ನಿಮಗ ಗೊತ್ತಿಲ್ಲೇನು? 'ಆ ಗಾಡಿ ಬಾಗಲ ಮುಂದಿಂದ ಹೋಗಲಿ, ಆಮ್ಯಾಲ ಬರ್ತೀನಿ' ಅಂತ ಕಾಗದ ಬರದಾಳ. ತಿಂಗಳಿಂದ ನಾನ ಅಡಗಿ ಮಾಡಾಕತ್ತೀನಿ. ರೊಟ್ಟಿ ಬಡದ್ರ ಹಂಚಿಗೆ ಹೋಗೋದ್ರಾಗ ನಾಕು ತುಂಡು ಆಗ್ತೈತಿ... ನಗ್ರಿ, ನಗ್ರಿ! ಖರೆ ಹೇಳ್ಲಾ? ಆಕಿ ಇಲ್ದ ಮನಿ ಬಿಕೋ ಅಂತೈತಿ. ಅದಕ್ಕ ನೀವು ಗಾಡಿ ಒಯ್ರಿ, ಆಕಿನ್ನ ಇತ್ತ ಕಳಿಸ್ರಿ. ಗಾಡಿ ಹೊರಗಿನೋರ ಪಾಲೂ ಆಗಂಗಿಲ್ಲ, ಆಕಿನೂ ಬರ್ತಾಳ.

ಹೆಂಗ ಮೋಸ ಮಾಡ್ತಾರ, ಕೇಳ್ರಿ. 'ಡಾಕ್ಟ್ರು ಓಡಿಸಿದ ಗಾಡಿ' ಅಂತಾರ. ನಂಬಬ್ಯಾಡ್ರಿ! ಮಾರಾಕ ಬಂದ ಗಾಡಿ ಎಲ್ಲಾ ಡಾಕ್ಟ್ರದ. ಅಷ್ಟು ಡಾಕ್ಟ್ರು ಇದ್ದಿದ್ರ ಈ ಊರಾಗ ಜಡ್ಡ ಇರ್ತಿದ್ದಿಲ್ಲ. ಏನು... ಇದಾ? ಇದೂ ಡಾಕ್ಟ್ರದ. ಆದ್ರ ದನದ ಡಾಕ್ಟ್ರು! ಅವರು ಹಂಗಲ್ಲ.

ಇನ್ನ, ಗಾಡಿ ಚಾಲು ಮಾಡೋಕಿಂತ ಮೊದಲ ಬಾನೆಟ್ ಮ್ಯಾಲ ಅಂಗೈ ಇಡಬೇಕು. ಬೆಚ್ಚಗಿದ್ರ, ನೀವು ಬರೋದ್ರಾಗ ತಾಸೊತ್ತು ಗುದ್ದಾಡಿ ಚಾಲು ಮಾಡಿಟ್ಟಾರ ಅಂತ ತಿಳ್ಕೋರಿ... ಅಯ್ಯಯ್ಯ, ಈಗ ಇಡಬ್ಯಾಡ್ರಿ! ಬಿಸಲಿಗೆ ಕಾದೈತಿ. ನೆರಳಾಗ ಬಿಸಲೆಲ್ಲಿ ಬಂತು ಅಂತೀರಾ? ಮುಂಜಾನಿ ಇತ್ತು! ಹೊಳ್ಳಿ ಹೋತು.

ಮತ್ತ ತಗಡು. ಬೆರಳ ಗೆಣ್ಣಿಲೆ ಬಡದು ನೋಡ್ರಿ. ಠಣ್ ಅನಬೇಕು. ಠಪ್ ಅಂದ್ರ ತೂತಿಗೆ ಮೆತ್ತಿ ಬಣ್ಣ ಬಳದಾರ ಅಂತ. ಅಲ್ಲಿ ಬ್ಯಾಡ್ರಿ, ಇಲ್ಲಿ ಬಡೀರಿ. ಠಣ್! ಕೇಳಿಸ್ತಾ? ...ಅಲ್ಲೂ ಬಡದ್ರಾ? ಠಪ್ ಅಂತಾ? ನಿಮ್ಮ ಗೆಣ್ಣ ಮೆತ್ತಗ ಅದಾವ ಬಾವಾ.

ಅಲ್ಲಿ... ಹಿಂದಿನ ಬಾಗಲ ತಗೀಬ್ಯಾಡ್ರಿ! ...ತಗದ್ರಿ. ಇರಲಿ. ಅಲ್ಲಿ ದೇವರು ಅದಾನ. ಚಾಪಿ ಮ್ಯಾಲ ಕಟಗಿ ಮಣಿ, ಮಣಿ ಮ್ಯಾಲ ಬಸವಣ್ಣನ ಫೋಟೋ, ಇಭೂತಿ, ಹೂವು. ಕುರುಗೋಡಿನ ದಲ್ಲಾಳಿ ಎರ್ರಣ್ಣ ದೇವರ ಸಮೇತ ಕೊಟ್ಟ. 'ಬಾಳ ಸತ್ಯುಳ್ಳ ದೇವರು ಸ್ವಾಮೀ, ಕದಲಸಬ್ಯಾಡ್ರಿ' ಅಂದ. ನಾನು ಚಪ್ಪಲಿ ಬಿಟ್ಟೆ, ಕೈ ಮುಗದೆ, ಹಣಿಗೆ ಇಭೂತಿ ಹಚ್ಕೊಂಡೆ, ಅಲ್ಲೇ ವ್ಯಾಪಾರ ಮುಗಸಿದೆ. ಕಾಲಿಡೋ ಜಾಗದಾಗ ಯಾಕ ದೇವರನ್ನ ಕುಂಡ್ರಿಸ್ಯಾರ ಅಂತೀರಾ? ನಾನು ಕೇಳಲಿಲ್ಲ. ನೀ ಯಾಕ ಇಲ್ಲಿ ಕುಂತಿ ಅಂತ ದೇವರಿಗೆ ಕೇಳಾಕ ಆಗ್ತೈತೇನು?

ಯಾಕ, ನೀವೂ ಚಪ್ಪಲಿ ಬಿಡ್ತೀರಿ? ಒಳ್ಳೇದು. ಕೈ ಮುಗೀರಿ. ಸಾಕು... ಬಾವಾ? ಎರಡೂ ಕೈಲೆ ಎತ್ತಿ... ಕಣ್ಣಿಗೆ ಒತ್ಕೊಂಡು... ನನ್ನ ಕೈಯಾಗ ಕೊಡ್ತೀರಾ? ಹಿಂಗೂ ಮಾಡಬಹುದಾ! ಆವತ್ತು ಕುರುಗೋಡಿನಾಗ ಇದು ನನಗ ಹೊಳೀಲೇ ಇಲ್ಲ ನೋಡ್ರಿ... ಮಣಿ ಮುಟ್ಟಬ್ಯಾಡ್ರಿ. ಚಾಪಿ... ಚಾಪಿ ಹೊಸದೈತಿ ಬಾವಾ, ಎತ್ತಬ್ಯಾಡ್ರಿ...

ಹೌದು. ಕೆಳಗ ನೆಲ ಕಾಣ್ತೈತಿ. ಕಲ್ಲು ಕಾಣ್ತಾವ. ಅಲ್ಲಿ ಹರದಾಡೋದು ಇರಿವಿ.

ಏನಾರ ಅನ್ರಿ. ಬೈಯ್ರಿ ಬೇಕಾದ್ರ! ಹಿಂಗ ಒಮ್ಮೆ ತೂತು, ಒಮ್ಮೆ ನನ್ನ ಮಾರಿ ನೋಡಬ್ಯಾಡ್ರಿ... ಏನು ಲೆಕ್ಕ ಹಾಕಾಕತ್ತೀರಿ? ಗೊತ್ತು. ಗೊತ್ತು ನನಗ.

ಹೋದ ತಿಂಗಳು ನಿಮ್ಮ ಮಗಳು ವಿರೂಪಮ್ಮನ ಕುಬಸ. ಬಸರಿ ಮಗಳ ಕುಬಸಕ್ಕ ಸೋದರತ್ತಿ ಬರೀಗೈಲೆ ಬಂದ್ಲು ಅಂತ ನಿಮ್ಮ ಮನಿ ಹೆಣ್ಣುಮಕ್ಕಳೆಲ್ಲ ಬಾಯಿಗೆ ಸೆರಗು ಇಟ್ಕೊಂಡ್ರಲ್ಲ... ಆಗ ನಾನ ಅಲ್ಲೇನು ಹೇಳಿದ್ದು? 'ದಾಕ್ಷಾಯಣಿ ಗಂಟು ಮನಿಯಾಗ ಮರತು ಬಂದಾಳ' ಅಂತ.

ಆಕಿ ಮರತಿದ್ದಿಲ್ಲ ಬಾವಾ. ಮೂರು ದಿನ ಒಲಿ ಮುಂದ ಕುಂತು ಉಂಡಿ ಕಟ್ಟಿದ್ಲು, ಕರ್ಚಿಕಾಯಿ ಮಾಡಿದ್ಲು. ಹಸರು ಸೀರಿ ತಾನ ಹುಡುಕಿ ತಂದಿದ್ಲು. ಹಿಂದ ಗಂಟು ಇಡಾಕ ಜಾಗ ಬೇಕಂತ ದೇವರನ್ನ ಮಡ್ಲಾಗ ಇಟ್ಕೊಂಡು ಮುಂದ ಕುಂತ್ಲು. ದಾರ್ಯಾಗ ತಗಡು ಹರದು ಚಾಪಿ ಸಮೇತ ಗಂಟು ಹೋತು. ಸಿರುಗುಪ್ಪ ದಾರಿ ನಾಯಿಗಳೆಲ್ಲ ಕುಬಸ ಉಂಡಾವ! ನಿಮ್ಮ ಬಾಗಲ ಮುಂದ ಇಳದಾಗ ನಮಗ ಗೊತ್ತಾತು. ಗಾಡಿ ನೋಡೋದ್ರಾಗ ನಾ ಶ್ಯಾಣ್ಯಾ ಅಂತ ಊರೆಲ್ಲ ಹೇಳ್ಕೊಂಡು ತಿರಗಿದಾವ ನಾನು. ಅಷ್ಟು ಮಂದಿ ಮುಂದ ತೂತಿನ ಸುದ್ದಿ ಹೇಳಾಕ ಬಾಯಿ ಬರಲಿಲ್ಲ. ಹೆಂಡ್ತಿ ಹೆಸರು ಬಂತು.

ಇದೆಲ್ಲ ಆಕಿ ನಿಮಗ ಹೇಳಿರಬೇಕಲ್ಲ? ...ಇಲ್ಲಾ? ತಲಿ ಯಾಕ ಅಲ್ಲಾಡಸ್ತೀರಿ? ತಿಂಗಳೊಪ್ಪತ್ತು ನಿಮ್ಮ ಮನಿಯಾಗ ಇದ್ದು... ಒಬ್ಬರ ಮುಂದೂ ಇಲ್ಲಾ? ನಿಮ್ಮ ಅವ್ವನ ಕೈಲೆ ಮರಗುಳಿ ಅಂತ ಬೈಸ್ಕೊಂಡು... ಬಾಯಿ ಮುಚ್ಕೊಂಡು ಕುಂತಾಳಾ? ನನ್ನ ಮರ್ಯಾದಿ ಹೋಗಬಾರದು ಅಂತ?

ನನಗ ನಾಚಿಕಿ ಆಗ್ತೈತಿ ಬಾವಾ.

ಗಾಡಿ ತಗೋಬ್ಯಾಡ್ರಿ ನೀವು. ನಡೀರಿ, ನಾನೂ ಬರ್ತೀನಿ ಸಿರುಗುಪ್ಪಕ್ಕ. ನಿಮ್ಮ ಅಂಗಳದಾಗ ನಿಂತು, ಆ ಹೆಣ್ಣುಮಕ್ಕಳನ್ನೆಲ್ಲ ಕರದು ಹೇಳ್ತೀನಿ, ಸುಳ್ಳ ಹೇಳಿದಾವ ನಾನು ಅಂತ. ಬಸ್ಸಿಗೇ ಹೋಗೋಣು... ಬರುವಾಗ ಆಕಿ ಪಕ್ಕದಾಗ ಕುಂತು ಬರ್ತೀನಿ. ಆಕಿ ಕುಂದ್ರಗೊಟ್ರ.