ವಿನೋದನ ಕಾರಿನ ಸದ್ದು

ಕುಮಟಾದ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿಗಾಗಿ ಕಾಯುತ್ತಿದ್ದೆ. ಮೆಕ್ಯಾನಿಕ್ ಅಣ್ಣಪ್ಪ ಕಾರಿನಿಂದ ಬಿಚ್ಚಿದ ವಾಟರ್ ಪಂಪನ್ನು ಒಬ್ಬಾಕೆಗೆ ತೋರಿಸಿದ.

“ಟೈಮಿಂಗ್ ಬೆಲ್ಟಿನ ಜೊತೆ ಪಂಪೂ ಹೊಸದು ಹಾಕಿದೆ, ಸುಚಿತಕ್ಕ. ಇನ್ನು ಆ ಕುಂಯ್ ಸದ್ದು ಬರೂದಿಲ್ಲ.”

“ಅಯ್ಯೋ, ಹಳೇದನ್ನೇ ಹಾಕಿಕೊಡು.”

“ಎಂತಕ್ಕೆ? ಅದು ಜಾಮಾದ್ರೆ ಬೆಲ್ಟ್ ಹರಿದು ಇಂಜಿನ್ನೇ ಹೋಗ್ತದೆ.”

“ಅತ್ತೆಗೆ ಕಣ್ಣು ಕಾಣೂದಿಲ್ಲ. ಆ ಸದ್ದು ಕೇಳಿದ್ರೆ ‘ಮಗ ಬಂದ’ ಅಂತ ಕಾಲಿಗೆ ನೀರು ಇಡ್ತಾರೆ.”

“ವಿನೋದನ ಬೋಟ್ ಮುಳುಗಿ ಎರಡು ವರ್ಷ ಆತಲ್ಲ!”

“ಹೆಣ ಸಿಗ್ಲಿಲ್ವಲ್ಲ.”

“ಮತ್ತೆ ಆ ನೀರು?”

“ನಾನೇ ಕಾಲು ತೊಳ್ಕೊಂಡು ಒಳಗೆ ಹೋಗ್ತೇನೆ. ಒದ್ದೆ ಹೆಜ್ಜೆ ಮುಟ್ಟಿ ನೋಡಿದ ಮೇಲೇ ಅವ್ರು ಊಟ ಮಾಡೂದು.”

“ಮತ್ತೆ ಇದನ್ನೇ ಹಾಕೂಕೆ ಆಗೂದಿಲ್ಲ ಅಕ್ಕ,” ಎಂದು ಅಣ್ಣಪ್ಪ ಹಳೆಯ ಪಂಪನ್ನು ಅವಳ ಕೈಗಿಟ್ಟ. ಅದನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅವಳು ಹೊರಟಳು. ಕಾರು ಸದ್ದಿಲ್ಲದೆ ತಿರುವು ದಾಟಿತು.