ಸೂಲಗಿತ್ತಿಗೆ ಗೆಣಸು

ಮಕುರ್ಡಿ ರಸ್ತೆಯ ಹೊಸ ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಬಸುರಿ ಶಿಮಿನ್ ಸರದಿಗೆ ಕಾದಿದ್ದಳು. ಪಕ್ಕದಲ್ಲಿ ಮೊಮ್ಮಗನನ್ನು ಎತ್ತಿಕೊಂಡ ದೂಸೆ, ದೂಸೆಯ ನಾದಿನಿ ಹೆಂಬಾ.

“ಗವರ್ನರ್ ಮತ್ತೆ ಎಲೆಕ್ಷನ್‌ಗೆ ನಿಲ್ತಾನಂತೆ ಅತ್ತಿಗೆ. ಎರಡು ಸಲ ಪ್ರಮಾಣವಚನ ತಗೊಂಡಾಯ್ತು. ಅದಕ್ಕಿಂತ ಹೆಚ್ಚು ಕಾನೂನು ಬಿಡಲ್ಲ.”

“ಮೊದಲನೇ ಗೆಲುವನ್ನ ಒಂದು ವರ್ಷಕ್ಕೇ ಕೋರ್ಟು ರದ್ದು ಮಾಡ್ತಲ್ಲೇ. ಅದು ಲೆಕ್ಕಕ್ಕಿಲ್ಲ.”

“ಮತ್ತೆ ಆ ವರ್ಷ ಕುರ್ಚೀಲಿ ಕೂತಿದ್ದು ಅವನ ನೆರಳಾ?”

“ಈ ಆಸ್ಪತ್ರೆ ಅವನು ಕಟ್ಟಿಸದಿದ್ರೆ ಸೊಸೆ ಉಳೀತಿರಲಿಲ್ಲ ಕಣೆ. ಮಗೂಗೆ ಅವನ ಹೆಸರೇ ಇಟ್ಟಿದೀನಿ.”

“ಒಳ್ಳೇದೇ ಮಾಡಿದ್ರಿ. ಸೂಲಗಿತ್ತಿಗೂ ಒಂದು ಹೊರೆ ಗೆಣಸು ಕೊಟ್ಟು, ಹರಸಿ ಕಳಿಸ್ತೀವಿ. ಮನೇಲೇ ಇದ್ದುಬಿಡು ಅಂತೀವಾ?”

ದೂಸೆ ಮಗುವಿನ ಮುಖ ನೋಡಿದಳು.

“ಹಾಗಾದ್ರೆ ಅವನಿಗೆ ಎರಡು ಹೊರೆ ಕೊಟ್ಟು ಕಳಿಸೋಣ.”

ನರ್ಸ್ ದೂಸೆಯನ್ನು ಕರೆದಳು. ಅತ್ತಿಗೆ ನಾದಿನಿ ಇಬ್ಬರೂ ಒಳಗೆ ಹೋದರು. ಅವರು ಬಿಟ್ಟ ಜಾಗಕ್ಕೆ ಶಿಮಿನ್ ಸರಿದಳು. ಬೆಂಚು ಇನ್ನೂ ಬೆಚ್ಚಗಿತ್ತು.