ಡೆಲ್ಬರ್ಟ್ ಬಡಿದ ಬಾನೆಟ್

ಬೇಕರ್ಸ್‌ಫೀಲ್ಡಿನ ಕಾರು ಬಿಡಿಭಾಗಗಳ ಅಂಗಡಿಯಲ್ಲಿ ಬ್ಯಾಟರಿಗಾಗಿ ಸಾಲಿನಲ್ಲಿ ನಿಂತಿದ್ದ ಲೊರೇನ್‌ಗೆ, ಮುಂದಿದ್ದ ವಯಸ್ಸಾದ ಗಂಡಹೆಂಡಿರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ತಳ್ಳುಗಾಡಿಯ ಮೇಲೆ ಯಾವುದೋ ಹಳೇ ಲಾರಿಯಿಂದ ಬಿಚ್ಚಿದ, ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸಿ ಬಲ ಕೊಡುವ ಸೂಪರ್‌ಚಾರ್ಜರ್ ಕೂತಿತ್ತು.

“ಇನ್ನೇನು ಬೇಕು ನಿನಗೆ, ಹರ್ಮನ್?”

“ಇದಕ್ಕೊಂದು ಬೆಲ್ಟು. ಆಮೇಲೆ ತಗಡು ಕೊಯ್ಯೋ ಬ್ಲೇಡು.”

“ಬ್ಲೇಡ್ ಯಾಕೆ?”

“ಇದನ್ನ ಎಂಜಿನ್ ಮೇಲೆ ಕೂರಿಸಿದ್ರೆ ಬಾನೆಟ್ ಮುಚ್ಚಲ್ಲ ಕಣೆ. ತೂತು ಕೊರೀಬೇಕು.”

“ತೂತಾ! ನಮ್ಮಣ್ಣ ಕೈಯಾರೆ ಬಡಿದು ಮಾಡಿದ ಬಾನೆಟ್ ಅದು. ಡೆಲ್ಬರ್ಟ್ ಸಾಯೋ ಮುಂಚೆ ಮಾಡಿದ ಕೊನೇ ಕೆಲಸ.”

“ಈ ಸೂಪರ್‌ಚಾರ್ಜರ್ ಹುಡುಕಿ ತಂದೋನೂ ಅವನೇ. ಆಸ್ಪತ್ರೇಲೂ ಇದರದ್ದೇ ಜಪ. ನಾನು ಕಟ್ಟಿದ ಹಾಟ್‌ರಾಡ್ ಕಾರಿಗೆ ಕೂರಿಸಿ ಜೋರಾಗಿ ಓಡಿಸು ಅಂತ ನಿನ್ನೆದುರೇ ಹೇಳಿದ್ನಲ್ಲ?”

“ಓಡಿಸು ಅಂದ. ಕೊರಿ ಅಂದ್ನಾ?”

“ಮತ್ತೆ ಎಂಜಿನ್ನ ಪಾತಾಳಕ್ಕೆ ಇಳಿಸ್ಲಾ?”

“ನೋಡು ಮಾರಾಯ, ನನ್ನ ಓವನ್ನಲ್ಲಿ ನೀನು ಬೇರಿಂಗ್ ಬೇಯಿಸಿದೆ, ನಾನು ಸುಮ್ನಿದ್ದೆ. ಊಟದ ಮೇಜಿನ ಮೇಲೆ ನೀನು ಗೇರ್ ಹರವಿದೆ, ನಾನು ನಿಂತ್ಕೊಂಡೇ ಉಂಡೆ. ಬಾನೆಟ್ ಮಾತ್ರ ಮುಟ್ಟಬೇಡ.”

“ವಿಲ್ಮಾ, ಹಾಗಾದ್ರೆ ನೀನೇ ದಾರಿ ಹೇಳು.”

“ಬಾನೆಟ್ ಇಲ್ದೇ ಓಡಿಸು. ಊರಲ್ಲಿ ಹಾಟ್‌ರಾಡ್ ಇರೋ ಅರ್ಧ ಜನ ಹಾಗೇ ತಿರುಗ್ತಾರೆ.”

“ಅಷ್ಟುದ್ದದ ಬಾನೆಟ್ ಎಲ್ಲಿಡೋದು?”

“ಹಾಲ್ ಗೋಡೆಗೆ ನೇತುಹಾಕು.”

“ಅಲ್ಲಿ ನಿಮ್ಮಮ್ಮನ ಫೋಟೋ ಇದೆ!”

“ಅಮ್ಮನಿಗೆ ಡೆಲ್ಬರ್ಟ್ ಅಂದ್ರೆ ಪ್ರಾಣ. ಒಂಚೂರು ಸರ್ಕೊಳ್ತಾಳೆ ಬಿಡು.”

ಅವರ ಸರದಿ ಬಂತು. ಅಂಗಡಿಯವನು ಏನು ಬೇಕೆಂದು ಕೇಳಿದ.

ಹರ್ಮನ್ ಹೆಂಡತಿಯ ಮುಖ ನೋಡಿ ನಿಟ್ಟುಸಿರು ಬಿಟ್ಟ. “ಇದಕ್ಕೊಂದು ಬೆಲ್ಟು ಕೊಡಪ್ಪ. ಜೊತೆಗೆ ಗೋಡೆಗೆ ಹೊಡೆಯೋಕೆ ಗಟ್ಟಿ ಕೊಕ್ಕೆ.”

“ದೊಡ್ಡವು ಕೊಡಿ,” ಎಂದಳು ವಿಲ್ಮಾ, ಆಗಲೇ ತಳ್ಳುಗಾಡಿಯನ್ನು ಬಾಗಿಲ ಕಡೆಗೆ ತಳ್ಳುತ್ತಾ.